ಪುಲ್ಲಿ ಚಿಕ್ಕದಾದರೆ ಬೂಸ್ಟ್ ಎಷ್ಟು ಏರುತ್ತದೆ?

ಶಿರಸಿ ಕಡೆಯವರು ಅಡಿಕೆ ಸುಲಿಯುವ ಮಷಿನ್ ನೋಡಿಯೇ ಇರುತ್ತೀರಿ. ಮೋಟಾರಿನ ಪುಲ್ಲಿ ಚಿಕ್ಕದು, ಮಷಿನ್ನಿನದು ದೊಡ್ಡದು. ಮೋಟಾರು ಎಷ್ಟೇ ಜೋರಾಗಿ ತಿರುಗಲಿ, ಮಷಿನ್ ನಿಧಾನವಾಗಿ ತಿರುಗುತ್ತದೆ. ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ, ಬೆಲ್ಟಿನಿಂದ ತಿರುಗುವ ಪಂಪು. ಹೊರಗಿನ ಒತ್ತಡದ ಮೇಲೆ ಅದು ಏರಿಸುವ ಒತ್ತಡವೇ ಬೂಸ್ಟ್. ಅದರ ಪುಲ್ಲಿಗಳ ಲೆಕ್ಕ ತಿರುಗಾಮುರುಗಾ. ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಪುಲ್ಲಿ ದೊಡ್ಡದು, ಸೂಪರ್‌ಚಾರ್ಜರ್‌ನದು ಚಿಕ್ಕದು. ದೊಡ್ಡದರ ಅಳತೆಯನ್ನು ಚಿಕ್ಕದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ.

ಕ್ರ್ಯಾಂಕ್ ಪುಲ್ಲಿ 180 ಮಿ.ಮೀ., ಸೂಪರ್‌ಚಾರ್ಜರ್ ಪುಲ್ಲಿ 90 ಮಿ.ಮೀ. ಅಂದುಕೊಳ್ಳಿ. ಅನುಪಾತ 2. ಎಂಜಿನ್ 6000 ಆರ್‌ಪಿಎಂನಲ್ಲಿದ್ದಾಗ ಸೂಪರ್‌ಚಾರ್ಜರ್ 12000. ಈಗ 90 ತೆಗೆದು 75 ಹಾಕಿ. ಅನುಪಾತ 2.4, ವೇಗ 14400. ಅಂದರೆ ಶೇ. 20 ಜಾಸ್ತಿ.

ಹಾಗಾದರೆ ಬೂಸ್ಟ್ ಕೂಡ ಶೇ. 20 ಜಾಸ್ತಿ ಅಲ್ವಾ? ಅಲ್ಲ. 90ರ ಪುಲ್ಲಿಯಲ್ಲಿ ಬೂಸ್ಟ್ 0.5 ಬಾರ್ (ಒತ್ತಡದ ಅಳತೆ) ಅನ್ನಿ. ನಾನೂ ಮೊದಲ ಸಲ ಅದನ್ನು 1.2ರಿಂದ ಗುಣಿಸಿ 0.6 ಅಂತ ಬರೆದಿದ್ದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಇಡೀ ಪಾಠದ ಗಂಟು ಇರುವುದು ಇಲ್ಲೇ.

2 ಲೀಟರಿನ ಫೋರ್ ಸ್ಟ್ರೋಕ್ ಎಂಜಿನ್ನಿನ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವುದರಿಂದ, ಅದು ಕ್ರ್ಯಾಂಕಿನ ಒಂದು ಸುತ್ತಿಗೆ 1 ಲೀಟರ್ ಗಾಳಿ ಎಳೆಯುತ್ತದೆ. ಪ್ರತಿ ಸುತ್ತಿಗೂ ಇಷ್ಟೇ ಅಂತ ಗಾಳಿ ತಳ್ಳುವ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ತನ್ನ ಒಂದು ಸುತ್ತಿಗೆ 0.75 ಲೀಟರ್ ತಳ್ಳುತ್ತದೆ ಅನ್ನಿ. ಅನುಪಾತ 2 ಇದ್ದರೆ ಕ್ರ್ಯಾಂಕಿನ ಸುತ್ತಿಗೆ 1.5 ಲೀಟರ್. 1 ಲೀಟರಿನ ಜಾಗಕ್ಕೆ 1.5 ಲೀಟರ್ ತುರುಕಿದ ಹಾಗಾಯಿತು. ಸೋರಿಕೆ, ಬಿಸಿ ಎರಡನ್ನೂ ಬದಿಗಿಟ್ಟರೆ ಒಳಗಿನ ಒತ್ತಡ ಹೊರಗಿನದರ 1.5 ಪಟ್ಟು. ಕಾರವಾರದ ಕಡಲ ದಂಡೆಯಲ್ಲಿ ಹೊರಗಿನ ಒತ್ತಡ ಸುಮಾರು 1 ಬಾರ್. ಒಳಗೆ 1.5. ಗೇಜ್ ಹೊರಗಿನದನ್ನು ಕಳೆದು 0.5 ಅಂತ ತೋರಿಸುತ್ತದೆ.

75 ಮಿ.ಮೀ. ಪುಲ್ಲಿಗೆ? 0.75 × 2.4 = 1.8. ಗೇಜಿನಲ್ಲಿ 0.8. ವೇಗ ಏರಿದ್ದು ಶೇ. 20, ಬೂಸ್ಟ್ ಏರಿದ್ದು ಶೇ. 60! ಗುಣಿಸಬೇಕಾದದ್ದು ಒಟ್ಟು ಒತ್ತಡವನ್ನು, ಗೇಜಿನ ಅಂಕಿಯನ್ನಲ್ಲ.

ಅದೇ ಗಾಡಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಲಿ. ಸುಮಾರು 600 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ 0.94 ಬಾರ್ ಆಸುಪಾಸು. 0.94 × 1.8 = 1.69. ಗೇಜಿನಲ್ಲಿ 0.75. ಪುಲ್ಲಿ ಅದೇ, ಬೂಸ್ಟ್ ಕಡಿಮೆ.

ಫ್ಯಾನಿನ ಹಾಗೆ ಜೋರಾಗಿ ತಿರುಗಿ ಗಾಳಿಯನ್ನು ಹೊರಕ್ಕೆ ಎಸೆಯುವ ಸೆಂಟ್ರಿಫ್ಯೂಗಲ್ ಮಾದರಿಯ ಲೆಕ್ಕ ಬೇರೆ. ಅದರಲ್ಲಿ ಬೂಸ್ಟ್ ಹೆಚ್ಚುಕಡಿಮೆ ವೇಗದ ವರ್ಗದ ಹಾಗೆ ಏರುತ್ತದೆ. 1.2ರ ವರ್ಗ 1.44. ಹಾಗಾಗಿ 0.5 ಇದ್ದದ್ದು ಸುಮಾರು 0.72.

ಬಿಸಿಯನ್ನು ಬದಿಗಿಟ್ಟಿದ್ದೆವು, ಆದರೆ ಎಂಜಿನ್ ಅದನ್ನು ಬಿಡುವುದಿಲ್ಲ. 30 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಿದರೆ, ಒಂದಿಷ್ಟೂ ನಷ್ಟವಿಲ್ಲದ ಲೆಕ್ಕದಲ್ಲೇ ಅದು ಸುಮಾರು 85 ಡಿಗ್ರಿ ಆಗುತ್ತದೆ. ನಿಜದಲ್ಲಿ ಇನ್ನೂ ಜಾಸ್ತಿ. ಬಿಸಿ ಗಾಳಿ ತೆಳು, ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಾನಾಗಿ ಸಿಡಿಯುವುದು) ಭಯವೂ ಇದೆ. ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಬೇಕಾಗುವುದು ಇದಕ್ಕೇ.

ಇನ್ನೊಂದು, ಬೆಲ್ಟ್. ಪುಲ್ಲಿ ಚಿಕ್ಕದಾದಷ್ಟೂ ಬೆಲ್ಟಿಗೆ ಹಿಡಿಯಲು ಜಾಗ ಕಡಿಮೆ, ಎಳೆಯಬೇಕಾದ ಭಾರ ಜಾಸ್ತಿ. ಆಗ ಅದು ಜಾರುತ್ತದೆ. ಆರ್‌ಪಿಎಂ ಏರುತ್ತಿದ್ದರೂ ಗೇಜಿನ ಮುಳ್ಳು ಹಿಂದೆ ಬಂದರೆ ಇನ್ನೂ ಚಿಕ್ಕ ಪುಲ್ಲಿ ಹುಡುಕಬೇಡಿ. ಮೊದಲು ಎಂಜಿನ್ ಆಫ್ ಮಾಡಿ, ಆಮೇಲೆ ಬೆಲ್ಟ್ ಮುಟ್ಟಿ ನೋಡಿ.