ಚಂಡಮಾರುತದ ದಾರಿ ಹೇಳುವವರು

ನವೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ "ಚೆನ್ನೈ ಕಡೆ ಸೈಕ್ಲೋನ್ ಅಂತೆ" ಎಂಬ ಮಾತು ಶುರು. ಜಿಟಿಜಿಟಿ ಮಳೆ, ಯೆಲ್ಲೋ ಅಲರ್ಟ್, ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬ ಗೊಂದಲ. ರಜೆ ಕೊಟ್ಟ ದಿನವೇ ಬಿಸಿಲು ಬಂದರೆ ಹವಾಮಾನ ಇಲಾಖೆಗೆ ಬೈಗುಳ. ಈ ಬೈಗುಳ ನ್ಯಾಯವೇ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1864ರಲ್ಲಿ ಕಲ್ಕತ್ತೆಗೆ ಚಂಡಮಾರುತ ಬಡಿಯಿತು, 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು, 1980ರ ದಶಕದಲ್ಲಿ ಮೋಡಗಳ ಚಿತ್ರ ಕಳಿಸುವ ಇನ್ಸಾಟ್ ಉಪಗ್ರಹಗಳು ಬಂದವು. ಆದರೂ 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ಸೂಪರ್ ಸೈಕ್ಲೋನ್ ಅಪ್ಪಳಿಸಿದಾಗ ಸುಮಾರು 10,000 ಜನ ಸತ್ತರು.

ಆಮೇಲಿನ ಹದಿನಾಲ್ಕು ವರ್ಷಗಳ ಕೆಲಸ ನಮ್ಮಲ್ಲಿ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಕಡಲಿನ ತೇಲುಯಂತ್ರಗಳು, ರಾಡಾರ್, ಕಂಪ್ಯೂಟರ್ ಎಲ್ಲ ಒಂದೊಂದಾಗಿ ಸೇರಿದವು. 2009ರಲ್ಲಿ ಮೂರು ದಿನ ಮೊದಲೇ ದಾರಿ ಹೇಳಲು ಶುರು ಮಾಡಿದರು, 2013ರಲ್ಲಿ ಐದು ದಿನ. ಮುನ್ಸೂಚಕರು ಉಪಗ್ರಹದ ಚಿತ್ರ ಮುಂದಿಟ್ಟುಕೊಂಡು ಮೋಡ ಎಷ್ಟು ಸುತ್ತಿಕೊಂಡಿದೆ, ನಡುವೆ ಕಣ್ಣು ಮೂಡಿದೆಯಾ ಎಂದು ನೋಡಿ ಅದರ ಬಲಕ್ಕೆ 1ರಿಂದ 8ರವರೆಗೆ ಅಂಕ ಕೊಡುತ್ತಾರೆ. 2.5 ಮುಟ್ಟಲಿಲ್ಲವೆಂದರೆ ಅದು ಬರೀ ವಾಯುಭಾರ ಕುಸಿತ. ಮುಟ್ಟಿತೆಂದರೆ ಚಂಡಮಾರುತ, ಹೆಸರೂ ಸಿಗುತ್ತದೆ. ಕಣ್ಣಿನ ಅಂದಾಜೂ ಅನುಭವವೂ ಬೇಕಾದ ಕೆಲಸ ಇದು.

2013ರ ಅಕ್ಟೋಬರ್‌ನಲ್ಲಿ ಫೈಲಿನ್ ಎಂಬ ಚಂಡಮಾರುತ ಬಂತು. ಆಗ ಚಂಡಮಾರುತ ವಿಭಾಗದ ಹೊಣೆ ಮೃತ್ಯುಂಜಯ ಮೊಹಾಪಾತ್ರ ಅವರದ್ದು. ಒಡಿಶಾದ ಕರಾವಳಿ ಜಿಲ್ಲೆ ಭದ್ರಕ್‌ನವರು. ವಿದೇಶದ ಕೆಲವು ಮುನ್ಸೂಚಕರು ಇನ್ನೂ ಭೀಕರವಾಗುತ್ತದೆ ಎಂದರು. ಇಲಾಖೆ ತನ್ನ ಲೆಕ್ಕ ಬಿಡಲಿಲ್ಲ. ಫೈಲಿನ್ ಹೇಳಿದ ಹಾಗೇ ಒಡಿಶಾದ ಗೋಪಾಲಪುರದ ಬಳಿ ದಡ ಸೇರಿತು. ಅಷ್ಟರಲ್ಲಿ ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಿ ಆಗಿತ್ತು. ಸತ್ತವರ ಸಂಖ್ಯೆ ಹತ್ತಾರರಲ್ಲೇ ನಿಂತಿತು. ಮೊಹಾಪಾತ್ರ 2019ರಲ್ಲಿ ಇಲಾಖೆಯ ಮಹಾನಿರ್ದೇಶಕರಾದರು.

ಇದರಲ್ಲಿ ಕರ್ನಾಟಕದ ಪಾಲೂ ಇದೆ. ಇನ್ಸಾಟ್ ಉಪಗ್ರಹಗಳ ನಿಯಂತ್ರಣ ನಡೆಯುವುದು ಹಾಸನದಿಂದ, ಇಸ್ರೋದ ಕೇಂದ್ರ ಕಚೇರಿ ಇರುವುದು ನಮ್ಮೂರಲ್ಲೇ.

ಹಾಗಿದ್ದರೆ ಬೆಂಗಳೂರಿನ ಮಳೆಯ ಮುನ್ಸೂಚನೆ ಯಾಕೆ ಕೈಕೊಡುತ್ತದೆ? ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಕಾಣುತ್ತದೆ. ಮೇ ತಿಂಗಳ ಗುಡುಗಿನ ಮೋಡ ಗಂಟೆಯೊಳಗೆ ಬೆಳೆದು, ಯಲಹಂಕದಲ್ಲಿ ಸುರಿದು ಜಯನಗರದಲ್ಲಿ ಹನಿಯೂ ಬೀಳಿಸದೆ ಹೋಗಬಹುದು. ಅದನ್ನು ಹಿಡಿಯಲು ಮಳೆಮೋಡದ ಚಲನೆ ಅಳೆಯುವ ಡಾಪ್ಲರ್ ರಾಡಾರ್ ಹತ್ತಿರದಲ್ಲೇ ಬೇಕು. ಚೆನ್ನೈಗೆ ಅದು 2002ರಲ್ಲೇ ಬಂತು. ಬೆಂಗಳೂರಿಗೂ ಒಂದು ಬೇಕೆಂಬ ಬೇಡಿಕೆ ವರ್ಷಗಟ್ಟಲೆ ಕೇಳಿಬರುತ್ತಲೇ ಇತ್ತು.