ಏರಿನಲ್ಲಿ ಓಡುವ ಕ್ಲೇಬೊ

ಕ್ರಾಸ್ ಕಂಟ್ರಿ ಸ್ಕೀ ಪಂದ್ಯದ ಹಾದಿಯಲ್ಲಿ ಏರು, ಇಳಿಜಾರು, ಬಯಲು ಹೆಚ್ಚುಕಡಿಮೆ ಸಮಪಾಲಿನಲ್ಲಿರುತ್ತವೆ. ಆದರೆ ಸ್ಪರ್ಧಿಯ ಅರ್ಧದಷ್ಟು ಸಮಯವನ್ನು ಏರೊಂದೇ ನುಂಗುತ್ತದೆ. ಇಳಿಜಾರಿನಲ್ಲಿ ಮುಂದಿನವನಿಗೂ ಹಿಂದಿನವನಿಗೂ ಅಂತರ ಬೀಳುವುದು ಕಡಿಮೆ, ಏರಿನಲ್ಲಿ ಬೀಳುವುದೇ ಹೆಚ್ಚು. ನಾರ್ವೆಯ ಯೊಹಾನೆಸ್ ಹ್ಯೋಸ್‌ಫ್ಲೊಟ್ ಕ್ಲೇಬೊ 21ನೇ ವಯಸ್ಸಿಗೇ ಮೂರು ಒಲಿಂಪಿಕ್ ಚಿನ್ನ ಗೆದ್ದದ್ದು ಹೇಗೆ ಎಂಬುದಕ್ಕೂ ಆ ಏರನ್ನೇ ನೋಡಬೇಕು.

ಕ್ಲೇಬೊ ಹುಟ್ಟಿದ್ದು 1996ರ ಅಕ್ಟೋಬರ್ 22ರಂದು, ಓಸ್ಲೊದಲ್ಲಿ. ಬೆಳೆದದ್ದು ಟ್ರೋಂಡ್‌ಹೈಮ್‌ನಲ್ಲಿ, ಅಲ್ಲಿನ ಬ್ಯೂಓಸೆನ್ ಕ್ಲಬ್ಬಿನಲ್ಲಿ. ಹದಿಹರೆಯದಿಂದ ಅವರ ತರಬೇತುದಾರರು ತಾಯಿಯ ತಂದೆ ಕೋರೆ ಹ್ಯೋಸ್‌ಫ್ಲೊಟ್. ಈ ತಾತ ಮೊಮ್ಮಗನ ಜೋಡಿಯ ಹಿಂದೆ ಒಂದು ಇಡೀ ವ್ಯವಸ್ಥೆಯೂ ಇದೆ. ನಾರ್ವೆಯಲ್ಲಿ ಮಕ್ಕಳಿಗೆ 11 ತುಂಬುವ ವರ್ಷಕ್ಕೆ ಮೊದಲು ಪಂದ್ಯಗಳ ಫಲಿತಾಂಶ ಪಟ್ಟಿ ಹಾಕುವಂತಿಲ್ಲ, 13ಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಕಳಿಸುವಂತಿಲ್ಲ. ಬೇಗ ಮೈ ಬೆಳೆದ ಹುಡುಗ ಬರೀ ಬಲದಿಂದ ಗೆದ್ದುಬಿಡುತ್ತಾನೆ. ತಡವಾಗಿ ಬೆಳೆಯುವವನು ಸೋಲಿನ ಪಟ್ಟಿ ನೋಡಿ ಸ್ಕೀ ಬಿಡದೆ ಕಾಯಬೇಕಾದರೆ ಇಂಥ ನಿಯಮ ಬೇಕೇ ಬೇಕು. ಅಂಥ ಹುಡುಗನಿಗೆ ಆ ವರ್ಷಗಳಲ್ಲಿ ಕಲಿಯಲು ಉಳಿಯುವುದು ತಂತ್ರ.

ಆ ತಂತ್ರ ಅರ್ಥವಾಗಬೇಕಾದರೆ ಮೊದಲು ಸ್ಕೀಯನ್ನು ನೋಡಬೇಕು. ನಡೆದಂತೆ ಕಾಲುಗಳನ್ನು ನೇರ ಹಿಂದೆಮುಂದೆ ಸರಿಸಿ ಸಾಗುವ ಕ್ಲಾಸಿಕ್ ಶೈಲಿಯ ಸ್ಕೀ ಎರಡು ಮೀಟರ್ ಆಸುಪಾಸಿನ ಹಗುರ ಹಲಗೆ, ನಡುವೆ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಜಾರುವಾಗ ತುದಿ ಮತ್ತು ಬಾಲ ಮಾತ್ರ ಹಿಮಕ್ಕೆ ಒತ್ತುತ್ತವೆ, ಅಲ್ಲಿ ಜಾರುವ ಮೇಣ ಇರುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಗ ನಡುಭಾಗ ಹಿಮ ಮುಟ್ಟುತ್ತದೆ. ಅಲ್ಲಿ ಹಚ್ಚಿದ ಹಿಡಿತದ ಮೇಣಕ್ಕೆ ಹಿಮದ ಹರಳುಗಳು ಕಚ್ಚಿ, ಸ್ಕೀ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ಆ ಕ್ಷಣದಲ್ಲೇ ದೇಹವನ್ನು ಮುಂದಕ್ಕೆ ತಳ್ಳಬೇಕು. ಮೇಣ ಹಿಮಕ್ಕಿಂತ ಗಟ್ಟಿಯಾದರೆ ಹರಳು ಕಚ್ಚದೆ ಕಾಲು ಹಿಂದಕ್ಕೆ ಜಾರುತ್ತದೆ. ತೀರಾ ಮೃದುವಾದರೆ ಹರಳು ಬಿಡಿಸಿಕೊಳ್ಳಲಾಗದೆ ಸ್ಕೀಯ ಅಡಿಗೆ ಮಂಜುಗಡ್ಡೆ ಮೆತ್ತಿಕೊಳ್ಳುತ್ತದೆ. ಆದ್ದರಿಂದಲೇ ಗಟ್ಟಿ ಚಳಿಗೆ ಹಸಿರು, ನೀಲಿ ಮೇಣ. ಶೂನ್ಯ ಡಿಗ್ರಿ ಸುತ್ತಮುತ್ತ ನೇರಳೆ, ಕೆಂಪು. ಕರಗಿ ಮತ್ತೆ ಹೆಪ್ಪುಗಟ್ಟಿದ ಒರಟು ಹಿಮಕ್ಕೆ ಅಂಟಂಟಾದ ಕ್ಲಿಸ್ಟರ್.

ಈ ಮೇಣದ ಗೋಜೇ ಬೇಡವೆಂದು ಕೆಲವರು ಹಿಡಿತದ ಮೇಣ ಹಚ್ಚದೆ, ಉದ್ದನೆಯ ಕೋಲುಗಳಿಂದ ಎರಡೂ ಕೈ ಒತ್ತಿಯೇ ಇಡೀ ಪಂದ್ಯ ಮುಗಿಸತೊಡಗಿದ್ದರು. ಕ್ಲಾಸಿಕ್ ಶೈಲಿಯೇ ಅಳಿಯಬಹುದೆಂಬ ಆತಂಕದಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2016-17ರ ಋತುವಿನಿಂದ ಕ್ಲಾಸಿಕ್ ಕೋಲಿನ ಉದ್ದ ಬೂಟು ಸಹಿತ ಎತ್ತರದ 83 ಪ್ರತಿಶತ ಮೀರಬಾರದೆಂದು ಕಟ್ಟುಮಾಡಿತು. 185 ಸೆಂಟಿಮೀಟರ್ ಆದವನಿಗೆ ಸುಮಾರು 154 ಸೆಂಟಿಮೀಟರ್. ಕೆಲವು ಏರುಗಳಲ್ಲಿ ಬರೀ ಕೈಯಿಂದ ತಳ್ಳುವುದನ್ನೂ ನಿಷೇಧಿಸಿದರು. ಹೀಗೆ ಕಾಲಿನ ಕೆಲಸಕ್ಕೆ ಮತ್ತೆ ಬೆಲೆ ಬಂದ ಋತುವೇ ಚಳಿಗಾಲವಿಡೀ ನಡೆಯುವ ಪಂದ್ಯಸರಣಿಯಾದ ವಿಶ್ವಕಪ್‌ನಲ್ಲಿ ಕ್ಲೇಬೊ ಅವರ ಮೊದಲ ಪೂರ್ಣ ಋತುವೂ ಆಯಿತು.

ಏರು ಕಡಿದಾದಂತೆ ಒದ್ದ ಮೇಲಿನ ಜಾರಾಟ ಕುಗ್ಗುತ್ತ ಬಂದು ಕೊನೆಗೆ ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತದೆ. ಹೆಚ್ಚಿನವರು ಅಲ್ಲೂ ಹೆಜ್ಜೆ ಉದ್ದ ಮಾಡಿ ಜಾರಲು ನೋಡುತ್ತಾರೆ. ಪಾದ ಸೊಂಟಕ್ಕಿಂತ ಮುಂದೆ ಹೋಗಿ ಬೀಳುತ್ತದೆ, ಭಾರ ಹಿಮ್ಮಡಿಗೆ ಇಳಿಯುತ್ತದೆ, ಸ್ಕೀಯ ನಡುಭಾಗಕ್ಕೆ ಒತ್ತಡ ಸಾಲದೆ ಕಾಲು ಜಾರುತ್ತದೆ. ಕ್ಲೇಬೊ ಅಲ್ಲಿ ಜಾರುವ ಆಸೆಯನ್ನೇ ಬಿಟ್ಟು ಓಡುತ್ತಾರೆ. ಪಾಚಿಗಟ್ಟಿದ ಬಂಡೆ ಹತ್ತುವವರು ಹೆಜ್ಜೆ ಚಿಕ್ಕದು ಮಾಡಿ ಮೈಭಾರವನ್ನು ನೇರ ಪಾದದ ಮೇಲೆ ಇಡುವಂತೆ, ಅವರ ಪಾದ ಸೊಂಟದ ಕೆಳಗೇ ಬೀಳುತ್ತದೆ. ಮುಂಗಾಲು ಒತ್ತಿದ ತಕ್ಷಣ ಇನ್ನೊಂದು ಮಂಡಿ ಮೇಲೆದ್ದಿರುತ್ತದೆ. ಎದೆ ತುಸು ಮುಂದೆ, ಸೊಂಟ ಎತ್ತರದಲ್ಲಿ, ಕೋಲು ಚಿಕ್ಕದಾಗಿ ಎದುರು ಕಾಲಿನ ಲಯಕ್ಕೇ. ಏರು ಇನ್ನೂ ಕಡಿದಾದರೆ ಸ್ಕೀಗಳ ತುದಿ ಹೊರಕ್ಕೆ ತೆರೆದು ಒಳ ಅಂಚನ್ನು ಹಿಮಕ್ಕೆ ನಾಟುತ್ತಾರೆ, ಓಟ ಮಾತ್ರ ನಿಲ್ಲುವುದಿಲ್ಲ. ಇಲ್ಲಿ ತಪ್ಪುವುದು ಸುಲಭ: ತುದಿ ಅತಿಯಾಗಿ ತೆರೆದರೆ ಬಾಲಗಳು ಒಂದರ ಮೇಲೊಂದು ಬೀಳುತ್ತವೆ, ಹಿಮ ಸಕ್ಕರೆಯಂತೆ ಪುಡಿಯಾಗಿದ್ದರೆ ಅಂಚು ನಿಲ್ಲದೆ ಪ್ರತಿ ಹೆಜ್ಜೆಯೂ ಅರ್ಧ ಹಿಂದಕ್ಕೆ ಸರಿಯುತ್ತದೆ.

ಇದನ್ನು ಎಲ್ಲರೂ ಇಡೀ ಪಂದ್ಯಕ್ಕೆ ಯಾಕೆ ಬಳಸುವುದಿಲ್ಲ? ಜಾರಾಟದಲ್ಲಿ ಸ್ನಾಯುವಿಗೆ ಸಿಗುವ ಅರೆಕ್ಷಣದ ಬಿಡುವು ಓಟದಲ್ಲಿ ಇಲ್ಲ. ಆಮ್ಲಜನಕದಿಂದ ಪೂರೈಸಲಾಗದ ಶಕ್ತಿಯನ್ನು ದೇಹ ಆಮ್ಲಜನಕವಿಲ್ಲದ ದಾರಿಯಿಂದ ತರಬೇಕು, ಆ ದಾಸ್ತಾನು ಬೇಗ ಮುಗಿಯುತ್ತದೆ. ಅತಿ ಚಿಕ್ಕ ಪಂದ್ಯವಾದ ಸ್ಪ್ರಿಂಟ್ ಕೂಡ ಸುಮಾರು ಮೂರು ನಿಮಿಷದ್ದು, ಮುಕ್ಕಾಲು ಪಾಲಿನಷ್ಟು ಶಕ್ತಿ ಆಮ್ಲಜನಕದಿಂದಲೇ ಬರುತ್ತದೆ. ಅದೂ ಒಂದು ಸಲವಲ್ಲ. ಅರ್ಹತಾ ಸುತ್ತಿನಿಂದ 30 ಮಂದಿ, ಆರು ಆರು ಜನರ ಕ್ವಾರ್ಟರ್ ಫೈನಲ್, ಆಮೇಲೆ ಸೆಮಿಫೈನಲ್, ಫೈನಲ್: ಒಂದೇ ದಿನ ನಾಲ್ಕು ಸಲ. ಹಾಗಾಗಿ ಬೇಗ ಚೇತರಿಸಿಕೊಳ್ಳುವ ಹೃದಯ, ಶ್ವಾಸಕೋಶ ಬೇಕು. ನಾರ್ವೆಯ ಅಗ್ರ ಸ್ಪರ್ಧಿಗಳು ವರ್ಷಕ್ಕೆ 750ರಿಂದ 950 ಗಂಟೆ ಅಭ್ಯಾಸ ಮಾಡುತ್ತಾರೆ. ಅದರಲ್ಲಿ ಬಹುಪಾಲು ಮಾತಾಡುತ್ತಲೇ ಸಾಗಬಹುದಾದಷ್ಟು ನಿಧಾನದ್ದು, ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಗಾಲಿ ಸ್ಕೀಯಲ್ಲಿ. ಅನನುಭವಿಗಳು ಎಡವುವುದು ಇಲ್ಲೇ, ನಿಧಾನದ ದಿನವನ್ನೂ ಜೋರು ಮಾಡಿ ಜೋರಿನ ದಿನ ಕಾಲೇ ಏಳದಂತಾಗುತ್ತಾರೆ.

2016ರ ಫೆಬ್ರುವರಿಯಲ್ಲಿ ನಾರ್ವೆಯ ದ್ರಾಮೆನ್‌ನಲ್ಲಿ ಕ್ಲೇಬೊ ವಿಶ್ವಕಪ್‌ಗೆ ಕಾಲಿಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಫಿನ್‌ಲ್ಯಾಂಡಿನ ರೂಕದಲ್ಲಿ ಮೂರನೆಯವರಾದರು. 2017ರ ಫೆಬ್ರುವರಿ 18ರಂದು ಎಸ್ಟೋನಿಯಾದ ಒಟೆಪಾದಲ್ಲಿ ಮೊದಲ ಗೆಲುವು, ಕೆಲವೇ ದಿನಗಳಲ್ಲಿ ಲಾಹ್ತಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಮುಂದಿನ ನವೆಂಬರ್‌ನಲ್ಲಿ ರೂಕದ ಮೂರು ದಿನದ ಮೂರೂ ಪಂದ್ಯ ಗೆದ್ದರು. ಅದರಲ್ಲಿ ಎರಡು 15 ಕಿಲೊಮೀಟರಿನವು ಎಂಬುದೇ ದೊಡ್ಡ ಸುದ್ದಿ, ಅಲ್ಲಿಯವರೆಗೆ ಅವರನ್ನು ಎಲ್ಲರೂ ಸ್ಪ್ರಿಂಟಿನವರೆಂದೇ ಎಣಿಸಿದ್ದರು.

2018ರಲ್ಲಿ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಕ್ಲಾಸಿಕ್ ಸ್ಪ್ರಿಂಟ್ ಫೈನಲ್‌ನಲ್ಲಿ ಕೊನೆಯ ಏರಿನವರೆಗೆ ಕಾದು, ಅಲ್ಲಿ ಓಡಿ ಇಟಲಿಯ ಪೆಲ್ಲೆಗ್ರಿನೊ ಅವರನ್ನು ಒಂದು ಸೆಕೆಂಡಿಗೂ ಹೆಚ್ಚು ಹಿಂದಿಕ್ಕಿದರು. ರಿಲೇಯಲ್ಲಿ ಕೊನೆಯ ಸರದಿ ಅವರದೇ. ರಷ್ಯಾದ ಸ್ಪಿತ್ಸೊವ್ ಅವರ ಬೆನ್ನಿಗಂಟಿಕೊಂಡೇ ಬಂದು ಕೊನೆಯ ಏರಿನಲ್ಲಿ ಬಿಟ್ಟುಹೋದರು. ಅದು ಸ್ಕೇಟಿಂಗ್‌ನಂತೆ ಕಾಲನ್ನು ಪಕ್ಕಕ್ಕೆ ಒದ್ದು ಸಾಗುವ ಫ್ರೀ ಶೈಲಿಯ ಸರದಿ, ಹಿಡಿತದ ಮೇಣದ ಪ್ರಶ್ನೆಯೇ ಇಲ್ಲ. ಆದರೂ ಕಾದು ಏರಿನಲ್ಲಿ ಲಯ ಏರಿಸುವ ಲೆಕ್ಕ ಅದೇ. ಮಾರ್ಟಿನ್ ಯೋನ್ಸ್‌ರೂದ್ ಸುಂಡ್ಬಿ ಜೊತೆ ಟೀಮ್ ಸ್ಪ್ರಿಂಟ್ ಮೂರನೆಯ ಚಿನ್ನ. ಆ ಋತುವಿನ ಒಟ್ಟು ವಿಶ್ವಕಪ್ಪೂ ಅವರಿಗೇ ಬಂತು. 50 ಕಿಲೊಮೀಟರ್ ವಿಶ್ವ ಪ್ರಶಸ್ತಿಗೆ ಮಾತ್ರ ಇನ್ನೂ ಏಳು ವರ್ಷ ಬೇಕಾಯಿತು: 2025ರಲ್ಲಿ, ತಮ್ಮೂರು ಟ್ರೋಂಡ್‌ಹೈಮ್‌ನಲ್ಲೇ, ಆರಕ್ಕೆ ಆರೂ ಚಿನ್ನ ಗೆದ್ದ ವಿಶ್ವ ಚಾಂಪಿಯನ್‌ಷಿಪ್‌ನ ತಮ್ಮ ಕೊನೆಯ ಪಂದ್ಯದಲ್ಲಿ.