ಬಕೆಟ್ಟಿನ ಮೀನಿಗೆ ಹೆಸರು ಹೇಳಿ ಸಾರ್!

ಮುಂಗಾರು ಶುರುವಾಯಿತೆಂದರೆ ನನ್ನ ಫೋನಿಗೆ ಬಕೆಟ್ಟುಗಳು ಬರತೊಡಗುತ್ತವೆ. ನೀಲಿ ಬಕೆಟ್ಟು, ಪೇಂಟ್ ಡಬ್ಬ, ಒಮ್ಮೆ ಮುಚ್ಚಳವಿಲ್ಲದ ಕುಕ್ಕರ್ ಕೂಡ. ಒಳಗೆ ಕದಡಿದ ನೀರು. ನೀರಿನಲ್ಲಿ ನಾಲ್ಕೈದು ಕಪ್ಪು ಗೀಟು. ಕೆಳಗೆ ಒಂದು ಸಾಲು: "ಸಾರ್, ಇದು ಯಾವ ಮೀನು? ಮನೆಯ ಅಕ್ವೇರಿಯಂ ಟ್ಯಾಂಕಿಗೆ ಬಿಟ್ಟಿದ್ದೀನಿ, ಪರವಾಗಿಲ್ವಾ?"

ಬಿಟ್ಟಾದ ಮೇಲೆ ಕೇಳುವುದು! ಇದೇ ನನಗೆ ಸಿಟ್ಟು ಬರಿಸುವ ವಿಷಯ. ಮೀನು ಹಿಡಿದ ಹಳ್ಳ ನಲವತ್ತು ಮೈಲಿ ಹಿಂದೆ ಉಳಿದಿರುತ್ತದೆ. ನಾನು ಈಗ "ಇದು ಬೇಡಿತ್ತು" ಅಂದರೆ ಅದನ್ನು ವಾಪಸ್ ಒಯ್ಯುವವರು ಯಾರು? ಹತ್ತಿರದ ಕೆರೆಗೆ ಸುರಿಯುತ್ತಾರೆ. ಅದು ಇನ್ನೂ ದೊಡ್ಡ ತಪ್ಪು, ಆ ಮಾತಿಗೆ ಆಮೇಲೆ ಬರುತ್ತೇನೆ.

ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಣುವುದು ಮೀನಿನ ಬೆನ್ನು ಮಾತ್ರ. ನಮ್ಮ ಹಳ್ಳದ ಮೀನುಗಳಲ್ಲಿ ಹೆಚ್ಚಿನವಕ್ಕೆ ಬೆನ್ನು ಕಪ್ಪು ಅಥವಾ ಪಾಚಿ ಬಣ್ಣ, ಹೊಟ್ಟೆ ಬಿಳಿ. ಮೇಲೆ ಕೊಂಬೆಯಲ್ಲಿ ಕೂತ ಮಿಂಚುಳ್ಳಿಗೆ ತಳದ ಕಲ್ಲು ಯಾವುದು, ಮೀನು ಯಾವುದು ತಿಳಿಯದಿರಲಿ ಅಂತಲೇ ಇರುವ ಬಣ್ಣ ಅದು. ದಿನಾ ಅದೇ ಕೆಲಸ ಮಾಡುವ ಮಿಂಚುಳ್ಳಿಯೇ ಮೋಸ ಹೋಗುತ್ತದೆ. ನಾನು ಫೋನಿನಲ್ಲಿ ನೋಡಿ ಏನು ಹೇಳಲಿ?

"ಪಕ್ಕದಿಂದ ಒಂದು ತೆಗೆದು ಕಳಿಸಿ" ಎನ್ನುತ್ತೇನೆ. ಕಳಿಸುತ್ತಾರೆ. ಜೊತೆಗೆ ವಿವರಣೆಯೂ ಬರುತ್ತದೆ: "ಕೇಸರಿ ಬಣ್ಣ ಇದೆ ಸಾರ್, ತುಂಬಾ ಚೆನ್ನಾಗಿದೆ." ಅವರ ಲೆಕ್ಕದಲ್ಲಿ ಅಲ್ಲಿಗೆ ಗುರುತು ಮುಗಿಯಿತು. ಕೇಸರಿ ಮೀನು, ಪಟ್ಟೆ ಮೀನು, ಬೆಳ್ಳಿ ಮೀನು.

ಹೆಸರು ಹಿಡಿಯಲು ಮೀನಿನ ಬಣ್ಣವನ್ನು ನಂಬಬೇಡಿ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಮತ್ತೆ ಹೇಳುತ್ತೇನೆ. ಒಂದೇ ಮೀನು ಮರಿಯಾಗಿದ್ದಾಗ ಒಂದು ಬಣ್ಣ, ಬೆಳೆದ ಮೇಲೆ ಇನ್ನೊಂದು. ಮೊಟ್ಟೆ ಇಡುವ ಕಾಲಕ್ಕೆ ಗಂಡಿಗೆ ಬೇರೆ ಬಣ್ಣ. ಹೆದರಿದರೆ ಬೇರೆ. ಮಣ್ಣು ನೀರಿನಲ್ಲಿ ಪೇಲವ, ಎಲೆ ಕೊಳೆತ ಕಂದು ನೀರಿನಲ್ಲಿ ಗಾಢ. ಬಿಳಿ ಬಕೆಟ್ಟಿಗೆ ಹಾಕಿ ಹತ್ತು ನಿಮಿಷ ಬಿಡಿ, ಎಷ್ಟೋ ಮೀನು ಬಿಳಿಚಿಕೊಳ್ಳುತ್ತದೆ. ಚರ್ಮದ ಕೋಶಗಳೊಳಗಿನ ಬಣ್ಣದ ಕಣಗಳು ಒತ್ತಟ್ಟಿಗೆ ಸೇರಿ ಮೈ ಸುತ್ತಲಿನ ಬಣ್ಣಕ್ಕೆ ಹೊಂದಿಕೊಳ್ಳುತ್ತದೆ. ಅಂದರೆ ನೀವು ಫೋಟೋ ತೆಗೆದದ್ದು ಅರ್ಧ ಮೀನಿನ ಬಣ್ಣ, ಅರ್ಧ ಬಕೆಟ್ಟಿನ ಬಣ್ಣ.

ಮಲೆನಾಡಿನ ಒಬ್ಬ ಮೇಷ್ಟ್ರ ಕತೆ ಹೇಳಬೇಕು. ಬಹಳ ಒಳ್ಳೆಯವರು, ಶಾಲೆಯ ಮಕ್ಕಳಿಗೆ ತೋರಿಸಲೆಂದೇ ಟ್ಯಾಂಕ್ ಇಟ್ಟವರು. ಗದ್ದೆ ಬದಿಯ ಹೊಂಡದಲ್ಲಿ ಕೆಂಡದ ಚೂರುಗಳಂಥ ಮರಿಗಳ ಗುಂಪು ಕಂಡಿತು. ಒಂದೊಂದು ಬೆರಳುಗುರಿನಷ್ಟು. ಗುಂಪು ಆಗಾಗ ಮೇಲೆ ಬಂದು ಗುಳುಗುಳು ಮಾಡಿ ಕೆಳಗೆ ಹೋಗುತ್ತಿತ್ತು. ಮೇಷ್ಟ್ರು ಮೂವತ್ತು ಮರಿ ಎತ್ತಿಕೊಂಡು ಬಂದರು, ಯಾವುದೋ ಅಲಂಕಾರದ ಮೀನು ಎಂದುಕೊಂಡು. ಅದು ಕೊರಮೀನಿನ ಮರಿ, ವೈಜ್ಞಾನಿಕ ಹೆಸರು ಚನ್ನಾ ಸ್ಟ್ರಿಯಾಟಾ. ಮೇಲೆ ಬರುತ್ತಿದ್ದದ್ದು ಗಾಳಿ ಕುಡಿಯಲು. ಕೆಳಗೆ ಅಪ್ಪ ಅಮ್ಮ ಕಾವಲಿರುತ್ತವೆ. ಕೆಲವೇ ವಾರದಲ್ಲಿ ಕೇಸರಿ ಹೋಗಿ ಮಣ್ಣು ಬಣ್ಣ ಬಂತು. ಮೂವತ್ತು ಹದಿನೈದಾಯಿತು, ಹದಿನೈದು ಆರಾಯಿತು. "ಸಾಯ್ತಾ ಇವೆ, ಆದರೆ ಹೆಣ ಸಿಗ್ತಿಲ್ಲ ಸಾರ್" ಎಂದು ಮೇಷ್ಟ್ರು ಫೋನ್ ಮಾಡಿದರು. ಹೆಣ ಎಲ್ಲಿ ಸಿಗಬೇಕು, ದೊಡ್ಡದು ಸಣ್ಣದನ್ನು ನುಂಗುತ್ತಿತ್ತು! ವರ್ಷದ ಹೊತ್ತಿಗೆ ಮೊಣಕೈ ಉದ್ದದ ಒಂದೇ ಮೀನು ಗಾಜಿಗೆ ಮೂಗು ಒತ್ತಿ ಮಕ್ಕಳನ್ನು ದಿಟ್ಟಿಸುತ್ತಿತ್ತು. ಮಕ್ಕಳಿಗೆ ಅದರ ಮೇಲೆ ಭಾರೀ ಪ್ರೀತಿ, ಅದು ಬೇರೆ ವಿಷಯ. ಅದರಣ್ಣ ಚನ್ನಾ ಮರೂಲಿಯಸ್‌ನ ಮರಿಗೂ ಮೈಯುದ್ದಕ್ಕೆ ಚಂದದ ಕೇಸರಿ ಪಟ್ಟೆ ಇರುತ್ತದೆ. ಅದು ಬೆಳೆದರೆ ಮೀಟರು ದಾಟುತ್ತದೆ.

ಪಶ್ಚಿಮಘಟ್ಟದ ಹೊಳೆಗಳಲ್ಲಿರುವ ಡಾಕಿನ್ಸಿಯಾ ಫಿಲಮೆಂಟೋಸಾ ಎಂಬ ಪುಟ್ಟ ಮೀನು ಇನ್ನೊಂದು ಉದಾಹರಣೆ. ಮರಿಗೆ ಮೈಮೇಲೆ ಕಪ್ಪು ಅಡ್ಡಪಟ್ಟಿಗಳು. ಬೆಳೆದಂತೆ ಪಟ್ಟಿಗಳು ಮಾಯವಾಗಿ ಬಾಲದ ಹತ್ತಿರ ಒಂದು ಕಪ್ಪು ಮಚ್ಚೆ ಉಳಿಯುತ್ತದೆ, ಗಂಡಿಗೆ ಬೆನ್ನಿನ ರೆಕ್ಕೆಯಿಂದ ಎಳೆಗಳು ಹೊರಡುತ್ತವೆ. ಮರಿ, ಗಂಡು, ಹೆಣ್ಣು ಮೂರನ್ನೂ ಸಾಲಾಗಿ ಇಟ್ಟು ತೋರಿಸಿದರೆ ಹತ್ತಕ್ಕೆ ಎಂಟು ಜನ ಮೂರು ಬೇರೆ ಮೀನು ಎನ್ನುತ್ತಾರೆ. ಇದಕ್ಕೆ ಡಾಕಿನ್ಸಿಯಾ ಅಸಿಮಿಲಿಸ್ ಎಂಬ ಜೋಡಿ ಬೇರೆ ಇದೆ. ಅವೆರಡನ್ನು ಬೇರೆ ಮಾಡಲು ನಾನು ಮೊದಲು ನೋಡುವುದು ಬಾಯಿಯ ಮೂಲೆಯನ್ನು. ಫಿಲಮೆಂಟೋಸಾಕ್ಕೆ ಮೀಸೆ ಇಲ್ಲ, ಅಸಿಮಿಲಿಸ್‌ಗೆ ಒಂದು ಜೊತೆ ಪುಟ್ಟ ಮೀಸೆ ಇದೆ. ಬಣ್ಣ ನೋಡಿಕೊಂಡು ಕೂತಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ.

ಹಳೆಯ ಪುಸ್ತಕ ಇಟ್ಟುಕೊಂಡವರಿಗೆ ಒಂದು ಮಾತು. ಈ ಡಾಕಿನ್ಸಿಯಾಗಳು ಅಲ್ಲಿ ಪುಂಟಿಯಸ್ ಎಂಬ ಕುಲದ ಹೆಸರಿನಲ್ಲಿ ಸಿಗುತ್ತವೆ. 2012ರಲ್ಲಿ ಆ ದೊಡ್ಡ ಕುಲವನ್ನು ಪಾಲು ಮಾಡಿ ಪೆಥಿಯಾ, ಡಾಕಿನ್ಸಿಯಾ ಎಂದೆಲ್ಲ ಬೇರೆ ಮನೆ ಮಾಡಿಕೊಟ್ಟರು. ಊರ ಹೆಸರು ಕೇಳಿದರೆ ಇನ್ನೂ ಕಷ್ಟ. ಪಕ್ಕೆ ಎಂದು ಕರೆಯುವ ಮೀನುಗಳು ಎಷ್ಟು ಜಾತಿಯವೋ!

ಮರಿ ನೋಡಿ ಮೋಸ ಹೋಗುವುದು ನಿಮ್ಮೊಬ್ಬರ ಪಾಡಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಗೊತ್ತಲ್ಲ, ತೀರದವರು ಬಿಳಿಮೀನು ಎನ್ನುವುದು? ಐವತ್ತು ಕಿಲೋ ತೂಗುವ ಮೀನು. ಬ್ರಿಟಿಷರ ಕಾಲದಿಂದ ಗಾಳ ಹಾಕುವವರು ಅದರ ಜೊತೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಆದರೂ ಅದರ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ! 2007ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮರಿಗಳನ್ನು ನೋಡಿ ಟಾರ್ ರೆಮಾದೇವಿ ಎಂಬ ಹೊಸ ಜಾತಿಯನ್ನು ವಿವರಿಸಿದ್ದರು. ಮರಿಗೆ ಗೂನು ಎಲ್ಲಿಂದ ಬರಬೇಕು? ಆ ಪುಟ್ಟ ಮೀನೇ ಈ ದೈತ್ಯನ ಜಾತಿ ಎಂದು ತಿಳಿಯಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. ತಜ್ಞರ ಕತೆಯೇ ಹೀಗಿರುವಾಗ ಎರಡು ಇಂಚಿನ ಬೆಳ್ಳಿ ಮರಿಯ ಮಸುಕು ಫೋಟೋ ನೋಡಿ ನಾನು ತಟ್ಟನೆ ಹೆಸರು ಹೇಳಿದರೆ ನನ್ನನ್ನು ನಂಬಬೇಡಿ.

ಹಾಗಾದರೆ ನೋಡಬೇಕಾದ್ದೇನು? ಆಕಾರ. ಬಾಯಿ ಮೇಲಕ್ಕೆ ತೆರೆಯುತ್ತದೋ, ಮುಂದಕ್ಕೋ, ಕೆಳಕ್ಕೋ. ಕೆಳಗಿದ್ದರೆ ಗದ್ದದಲ್ಲಿ ಕಲ್ಲಿಗೆ ಅಂಟಿಕೊಳ್ಳುವ ಬಟ್ಟಲು ಇದೆಯೋ. ಇದ್ದರೆ ಅದು ಗಾರಾ ಇರಬಹುದು, ರಭಸದ ನೀರಿನದು, ನಿಂತ ನೀರಿನ ಟ್ಯಾಂಕಿನಲ್ಲಿ ಏದುಸಿರು ಬಿಡುತ್ತದೆ. ಮೀಸೆ ಎಷ್ಟು ಜೊತೆ? ಬೆನ್ನಿನ ರೆಕ್ಕೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ? ಹುರುಪೆ ದೊಡ್ಡದೋ ಸಣ್ಣದೋ, ಇದೆಯೋ ಇಲ್ಲವೋ? ಬೆಳ್ಳಿ ಮರಿಗೆ ಎರಡು ಜೊತೆ ಮೀಸೆ, ದಪ್ಪ ತುಟಿ, ಮೈಗೆ ಹೋಲಿಸಿದರೆ ದೊಡ್ಡ ಹುರುಪೆ, ಮೈಯ ಪಕ್ಕದಲ್ಲಿ ತಲೆಯಿಂದ ಬಾಲಕ್ಕೆ ಓಡುವ ಗೆರೆಯುದ್ದಕ್ಕೆ ಎಣಿಸಿದರೆ ಸುಮಾರು ಇಪ್ಪತ್ತೈದೇ ಹುರುಪೆ ಸಿಕ್ಕಿದರೆ ಮಹಶೀರ್ ಇರಬಹುದೆಂದು ಅನುಮಾನಪಡಿ, ಅಲ್ಲೇ ಬಿಡಿ. ಇರಬಹುದು ಎನ್ನುತ್ತಿದ್ದೇನೆ, ಹೌದು ಎನ್ನುತ್ತಿಲ್ಲ. ಅನುಮಾನ ಬಂದರೆ ಸಾಕು, ಬಿಡಲು ಅಷ್ಟು ಕಾರಣ ಧಾರಾಳವಾಯಿತು.

ಮೀಸೆ, ರೆಕ್ಕೆ ನೋಡುವುದು ನಿಮ್ಮ ಕೈಗೂ ಒಳ್ಳೆಯದು. ಕೆಸರಿನಲ್ಲಿ ಸಿಗುವ ನುಣುಪು ಮೈಯ, ನಾಲ್ಕು ಜೊತೆ ಮೀಸೆಯ ಕಪ್ಪು ಮೀನು ಎರಡು ಥರ ಇರುತ್ತದೆ. ಬೆನ್ನಿನ ರೆಕ್ಕೆ ಬೆನ್ನುದ್ದಕ್ಕೂ ಹರಿದಿದ್ದರೆ ಕ್ಲೇರಿಯಸ್ ಬಳಗ. ಬೆನ್ನಿನ ಮುಂಭಾಗದಲ್ಲಿ ಗಿಡ್ಡ ರೆಕ್ಕೆ ಒಂದೇ ಇದ್ದರೆ ಚೇಳು ಮೀನು, ಕಿವಿರಿನ ಹಿಂದಿನ ಅದರ ಮುಳ್ಳಿನಲ್ಲಿ ವಿಷ ಇದೆ. ನಾನೇ ಕಲಿಯುವ ಕಾಲದಲ್ಲಿ ಒಮ್ಮೆ ಹೆಬ್ಬೆರಳಿಗೆ ಹೊಡೆಸಿಕೊಂಡಿದ್ದೇನೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ತಡೆಯುವಷ್ಟು ಬಿಸಿಯ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ, ಆದರೆ ನಾನು ವೈದ್ಯನಲ್ಲ, ಡಾಕ್ಟರ ಹತ್ತಿರ ಹೋಗಿ. ಕ್ಲೇರಿಯಸ್ ಆದರೂ ನಿರಾಳವಾಗಬೇಡಿ. ಅದು ನಮ್ಮ ನಾಡಿನದೇ ಇರಬಹುದು, ಆಫ್ರಿಕನ್ ಕ್ಯಾಟ್‌ಫಿಶ್ ಇರಬಹುದು. ಎರಡನೆಯದನ್ನು ಸಾಕುವುದೇ ನಿಷೇಧ.

ಊರ ಚರಂಡಿ, ಕೆರೆ ಅಂಚಿನಲ್ಲಿ ಹಿಡಿದ "ನಾಟಿ ಮೀನು" ಎಷ್ಟೋ ಸಲ ನಾಟಿಯೇ ಅಲ್ಲ. ಗಪ್ಪಿ, ಅಥವಾ ಸೊಳ್ಳೆ ಮರಿ ತಿನ್ನಲೆಂದು 1928ರಲ್ಲಿ ದೇಶಕ್ಕೆ ತಂದ ಗ್ಯಾಂಬೂಸಿಯಾ, ಇಲ್ಲವೇ 1952ರಲ್ಲಿ ಬಂದ ಜಿಲೇಬಿ ಮೀನಿನ (ತಿಲಾಪಿಯಾ) ಮರಿ. ನಮ್ಮ ನಾಡಿನದೇ ಪುಟ್ಟ ಮೀನಾದ ಅಪ್ಲೋಕೈಲಸ್‌ಗೂ ಗ್ಯಾಂಬೂಸಿಯಾಕ್ಕೂ ಗೊಂದಲ ಜಾಸ್ತಿ. ಇದೊಂದನ್ನು ಮಾತ್ರ ಮೇಲಿನಿಂದಲೇ ಗುರುತಿಸಬಹುದು. ಅಪ್ಲೋಕೈಲಸ್‌ನ ನೆತ್ತಿಯ ಮೇಲೆ ಮಿನುಗುವ ಚುಕ್ಕಿ ಇರುತ್ತದೆ. ಇಷ್ಟು ಹೊತ್ತು ಬಕೆಟ್ ಫೋಟೋವನ್ನು ಬೈದವನು ಈಗ ಒಂದು ವಿನಾಯಿತಿ ಕೊಟ್ಟೆ ಎಂದು ನಗಬೇಡಿ.

ಈಗ ಆ ಕೆರೆಗೆ ಸುರಿಯುವ ವಿಷಯ. ಪಾಪ, ಮನಸ್ಸು ಒಳ್ಳೆಯದೇ, ಕೊಲ್ಲಬಾರದು ಅಂತ ಬಿಡುತ್ತಾರೆ. ಆದರೆ ಒಂದು ಹೊಳೆಯ ಮೀನು ಇನ್ನೊಂದು ಹೊಳೆಗೆ ಹೊರಗಿನದೇ. ಟ್ಯಾಂಕಿನ ರೋಗ ಅದರ ಜೊತೆ ಹೋಗುತ್ತದೆ. ಕಾವೇರಿಗೆ ದಶಕಗಳ ಹಿಂದೆ ಸದುದ್ದೇಶದಿಂದಲೇ ಬೇರೆ ಜಾತಿಯ ಮಹಶೀರ್ ಮರಿಗಳನ್ನು ಬಿಟ್ಟರು. ಅವು ಹೆಚ್ಚಿದವು, ಗೂನುಬೆನ್ನಿನದು ಕಡಿಮೆಯಾಗುತ್ತ ಬಂತು. ಇವತ್ತು ಅದು ಅಳಿವಿನ ಅತಿ ಅಪಾಯದ ಪಟ್ಟಿಯಲ್ಲಿದೆ.

ಕಾನೂನು ನನ್ನ ಕಸುಬಲ್ಲ, ಎರಡೇ ಮಾತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ಹಳ್ಳಕ್ಕೆ ಬಲೆ ಇಳಿಸಬೇಡಿ. ಶೃಂಗೇರಿ, ಶಿಶಿಲದಂಥ ಮತ್ಸ್ಯತೀರ್ಥಗಳ ಮೀನಂತೂ ಮುಟ್ಟುವ ಹಾಗೇ ಇಲ್ಲ. ಇನ್ನು ಮಿಸ್ ಕೇರಳ ಎನ್ನುವ ಕೆಂಪು ಗೆರೆಯ ಮೀನು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ರಕ್ಷಣೆಯ ಪಟ್ಟಿಗೆ ಸೇರಿದೆ. ಗೊತ್ತಿಲ್ಲದೆ ಹಿಡಿದೆ ಎಂದರೆ ನಡೆಯುತ್ತದೆ ಎಂದುಕೊಳ್ಳಬೇಡಿ. ಅನುಮಾನವಿದ್ದರೆ ಮೀನುಗಾರಿಕೆ ಇಲಾಖೆಯವರನ್ನು ಮೊದಲೇ ಕೇಳಿ.

ನಾನು ಕೇಳುವುದು ಒಂದು ಪಾರದರ್ಶಕ ಡಬ್ಬ. ಮೀನು ತಿರುಗಲಾರದಷ್ಟು ಇಕ್ಕಟ್ಟಾದದ್ದು, ಆಗ ಅದು ಪಕ್ಕ ತೋರಿಸಿ ನಿಲ್ಲುತ್ತದೆ. ಅದೇ ಹಳ್ಳದ ನೀರು ತುಂಬಿ. ನೆರಳಿನಲ್ಲಿ ಇಡಿ, ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಪಕ್ಕದಲ್ಲಿ ಸ್ಕೇಲು. ರೆಕ್ಕೆ ಬಿಚ್ಚಿದಾಗ ಒಂದು ಫೋಟೋ, ಬಾಯಿಯದು ಹತ್ತಿರದಿಂದ ಒಂದು, ನೀರು ಹರಿಯುವ ಜಾಗದ್ದು ಒಂದು. ಯಾವ ನದಿಗೆ ಸೇರುವ ಹಳ್ಳ ಎಂದು ಬರೆಯಿರಿ. ಆ ಒಂದು ಸಾಲು ಎಷ್ಟೋ ಸಲ ಫೋಟೋಗಿಂತ ಹೆಚ್ಚು ಹೇಳುತ್ತದೆ. ಐದು ನಿಮಿಷದ ಕೆಲಸ. ಆಮೇಲೆ ಮೀನನ್ನು ಅಲ್ಲೇ ಬಿಡಿ, ಉತ್ತರ ಬಂದ ಮೇಲೆ ಬೇಕಾದರೆ ಮತ್ತೆ ಹೋಗಿ. ಹಳ್ಳ ಎಲ್ಲಿಗೂ ಓಡಿ ಹೋಗುವುದಿಲ್ಲ.

ಹೋದ ವರ್ಷ ಕುಮಾರಧಾರೆ ಕಡೆಯ ಕಾಲೇಜು ಹುಡುಗನೊಬ್ಬ ಹೀಗೇ ಕಳಿಸಿದ್ದ. ಸ್ಕೇಲೂ ಇತ್ತು, ಮೂಲೆಯಲ್ಲಿ ಅವನ ಹೆಬ್ಬೆರಳೂ ಇತ್ತು. ನೋಡಿದರೆ ಎಟ್ರೋಪ್ಲಸ್ ಕೆನರೆನ್ಸಿಸ್! 1877ರಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ ಕೆನರಾದ ಹೆಸರನ್ನೇ ಇಟ್ಟ ಮೀನು, ಆ ಸೀಮೆಯ ಹೊಳೆಗಳದ್ದೇ, ಅಪಾಯದ ಪಟ್ಟಿಯಲ್ಲಿರುವುದು. ಗಾಬರಿಯಾಗಿ ಫೋನ್ ಮಾಡಿದೆ. "ಆಗಲೇ ಬಿಟ್ಟೆ ಸಾರ್, ಇನ್ನೊಂದು ಅಲ್ಲೇ ಸುತ್ತುತ್ತಾ ಇತ್ತು, ಜೋಡಿ ಇರಬೇಕು ಅನ್ನಿಸ್ತು" ಎಂದ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಯಾವುದನ್ನ ಸಾಕಬಹುದು ಸಾರ್?" ಎಂದು ಕೇಳಿದ. ಅದೇ ಹೊಂಡದ ಅಂಚಿನಲ್ಲಿ ನೆತ್ತಿಚುಕ್ಕಿಯ ಅಪ್ಲೋಕೈಲಸ್ ಇದ್ದರೆ ಫೋಟೋ ಕಳಿಸು, ಅದೇ ಹೌದಾದರೆ ನಾಲ್ಕು ತಗೊಂಡು ಹೋಗು, ಜಾಸ್ತಿ ಬೇಡ ಎಂದೆ. ಟ್ಯಾಂಕಿಗೆ ಮುಚ್ಚಳ ಹಾಕು, ಅದು ಹಾರುತ್ತದೆ ಎಂದೂ ಹೇಳಿದೆ.